ಬಣ್ಣದ ಕೆಳಗಿನ ಗುರುತು

ಅಂಗಡಿಯ ಮೇಲಿನ ಮನೆ,
ಬುಧವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೋ, ಇಲ್ಲ ಈಗಲೂ ಸೀಟಿನ ಮೇಲೆ ಅಮ್ಮನ ತಲೆದಿಂಬು ಹಾಕಿಕೊಂಡೇ ಓಡಿಸುತ್ತಿದ್ದೀಯೋ? ಅಮ್ಮನ ಮೊಣಕಾಲು ಹೇಗಿದೆ? ಚಳಿಗೆ ಅವಳಿಗೆ ಕೆಮ್ಮು ಬರುತ್ತದೆ, ನಿಮ್ಮ ಕ್ಯಾಂಪಿನಲ್ಲಿ ಸುರಂಗ ಕೊರೆಯುವ ಧೂಳಿಗೆ ಇನ್ನೂ ಜಾಸ್ತಿ. ಎಷ್ಟು ಗೊಣಗಿದರೂ ಕಿಟಕಿ ಮುಚ್ಚಿಸು. ನಮ್ಮ ಕೆಂಪಿ ಹೇಗಿದ್ದಾಳೆ? ಬೇರೆ ಮನೆಗಳಲ್ಲಿ ಪಿಕಪ್ ಗಾಡಿಯ ಆರೋಗ್ಯ ವಿಚಾರಿಸುವುದಿಲ್ಲ ಎಂಬುದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗಿದ್ದು. ಮೊನ್ನೆ ಊಟಕ್ಕೆ ಕೂತಾಗ, ಕೆಂಪಿಗೆ ಬೆಳಗಾದರೆ ಕೆಮ್ಮು ಎಂದೆ. ಅತ್ತೆ ಪಾಪ, ಯಾರೋ ನಮ್ಮ ಚಿಕ್ಕಮ್ಮ ಇರಬೇಕೆಂದುಕೊಂಡು, "ಜ್ವರಾನೂ ಇದೆಯಾ?" ಎಂದು ಕೇಳಿದರು. ಇವರು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡರು.

ನೋಡು, "ಇವರು" ಎಂದು ಬರೆದೇ ಬಿಟ್ಟೆ. ಗಂಡನನ್ನು ಇವರು, ಅವರು ಎನ್ನುವ ಹೆಂಗಸರನ್ನು ಕಂಡರೆ ಹಾಸ್ಟೆಲಿನಲ್ಲಿ ನಾವೆಲ್ಲ ಎಷ್ಟು ಅಣಕಿಸುತ್ತಿದ್ದೆವು. ಈಗ ನನ್ನ ಬಾಯಲ್ಲೂ ಅದೇ. ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದಾಗ, ವಾರಕ್ಕೊಂದು ಕನ್ನಡ ಪತ್ರ ಬರೆಯದಿದ್ದರೆ ರಜೆಯಲ್ಲಿ ಕೆಂಪಿಯ ಮುಂದಿನ ಸೀಟು ಇಲ್ಲ ಎಂದು ಹೆದರಿಸಿದವನು ನೀನು. ಆ ಹೆದರಿಕೆ ಈಗ ಉಪಯೋಗಕ್ಕೆ ಬಂತು. ನಿಮ್ಮ ಸುರಂಗದ ಕ್ಯಾಂಪಿಗೆ ಫೋನ್ ಹತ್ತುವುದಿಲ್ಲ. ನಾಳೆ ಬೆಳಿಗ್ಗೆ ಘಾಟಿ ಹತ್ತುವ ಬಸ್ಸಿನ ಡ್ರೈವರಣ್ಣನ ಕೈಗೆ ಇದನ್ನು ಕೊಟ್ಟರೆ ಸಂಜೆಗೆ ನಿನ್ನ ಕೈಯಲ್ಲಿರುತ್ತದೆ.

ನಿನ್ನ ಪತ್ರ ಓದಿ ನಾನು ಮನೆಯೆಲ್ಲ ಕುಣಿದಾಡಿದೆ. ಭಾನುವಾರ ನೀನು ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಘಾಟಿ ಇಳಿದು ಬರುತ್ತೀಯ. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಗೆ. ಅಷ್ಟು ದೊಡ್ಡ ಇಳಿಜಾರಿಗೆ ಮೊದಲು, ಶನಿವಾರ ಆಯಿಲ್ ಬದಲಾಯಿಸಿ, ಮದುವೆಯಲ್ಲಿ ಇವರು ಕೊಟ್ಟ ಡಬ್ಬದಿಂದ ಹೊಸ ಫಿಲ್ಟರ್ ತೆಗೆದು ಕೆಂಪಿಗೆ ಹಾಕುತ್ತೀಯಂತೆ, ಉಳಿದವನ್ನು ಕ್ಯಾಂಪಿನ ಡ್ರೈವರ್ ಗೆಳೆಯರಿಗೆ ಹಂಚುತ್ತೀಯಂತೆ. ಕೊನೆಗೆ ನನ್ನನ್ನು ಕೆಣಕಿದ್ದೀಯ: "ಬಿಡಿಭಾಗದ ಅಂಗಡಿ ಸೊಸೆ ಆದೆಯಲ್ಲ, ಒಳ್ಳೇ ಆಯಿಲ್ ಫಿಲ್ಟರ್ ಆರಿಸೋದು ನೆನಪಿದೆಯೋ, ಮದುವೆ ಗಲಾಟೇಲಿ ಎಲ್ಲ ತೊಳ್ಕೊಂಡು ಹೋಯ್ತೋ?" ಇರು, ಇವತ್ತು ಮಧ್ಯಾಹ್ನವೇ ಅಂಗಡಿಗೆ ಇಳಿದು ಒಂದನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಬರೆಯುತ್ತೇನೆ. ಮಾರ್ಕ್ಸ್ ನೀನೇ ಹಾಕು.

ನಿನ್ನ ಗಾಡಿಯ ಮೇಲೆ ಇವರಿಗೆ ಎಷ್ಟು ಅಕ್ಕರೆ ಗೊತ್ತಾ? ನಿನ್ನ ಪತ್ರ ಓದಿ ಹೇಳಿದಾಗ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ನಿಮ್ಮಣ್ಣ ಫಿಲ್ಟರ್ ಹಾಕಿದ್ರಂತಾ?" ಎಂದರು. ಇಲ್ಲ, ಶನಿವಾರ ಎಂದೆ. ಮಲಗುವ ಮುಂಚೆ ಮತ್ತೆ ಅದೇ ಕೇಳಿದರು. ಇವತ್ತು ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಮತ್ತೆ. ನನ್ನ ತಲೆನೋವನ್ನೂ ಇಷ್ಟು ಸಲ ವಿಚಾರಿಸಿದವರಲ್ಲ ಎಂದು ರೇಗಿಸಿದೆ. ನಗಲಿಲ್ಲ. ನನ್ನ ಕೆನ್ನೆ ತಟ್ಟಿ ಮೆಟ್ಟಿಲಿಳಿದು ಹೋದರು.

ಅಣ್ಣಾ, ನನಗೆ ಇಷ್ಟು ಸಂತೋಷ ಯಾಕೆ ಎಂದು ಒಮ್ಮೊಮ್ಮೆ ಭಯವಾಗುತ್ತದೆ. ಈ ಮನೆಯ ವಾಸನೆಯೇ ನನಗೆ ಇಷ್ಟ. ಮೆಟ್ಟಿಲಿನ ಬುಡದಿಂದಲೇ ಸೀಮೆಎಣ್ಣೆ ಮತ್ತು ಸುಟ್ಟ ಆಯಿಲ್ ವಾಸನೆ, ಥೇಟ್ ನಿನ್ನ ಖಾಕಿ ಅಂಗಿಯದು. ಮೊದಲ ದಿನ ಒಳಗೆ ಕಾಲಿಟ್ಟಾಗ ತವರೇ ನನ್ನ ಹಿಂದೆ ನಡೆದು ಬಂದ ಹಾಗಾಯಿತು. ವಾಸನೆ ಬರುವುದು ಮನೆಯ ಮೇಲಿನ ತಾರಸಿಯಿಂದ. ಅಲ್ಲಿ ಅತ್ತೆ ದೊಡ್ಡ ಟಬ್ಬಿನಲ್ಲಿ ಗ್ಯಾರೇಜುಗಳಿಂದ ಬಂದ ಹಳೆಯ ಫಿಲ್ಟರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಶ್ಶಿನಿಂದ ಉಜ್ಜಿ, ತೊಳೆದ ಲೋಟಗಳ ಹಾಗೆ ಸಾಲಾಗಿ ಬೋರಲು ಹಾಕುತ್ತಾರೆ. ಗುಜರಿಗೆ ಹೋಗುವುದನ್ನು ಇಷ್ಟು ಚೊಕ್ಕಟ ಮಾಡಬೇಕೇ ಎಂದು ಕೇಳಿದೆ. "ಕೊಳಕು ಮಾಲು ಗುಜರಿಯವನೂ ಮುಟ್ಟಲ್ಲ ಕಣಮ್ಮ" ಎಂದರು. ಗುಜರಿಯ ಸಾಮಾನಿಗೂ ಸ್ನಾನ ಮಾಡಿಸುವ ಮನೆಗೆ ಸೊಸೆಯಾಗಿದ್ದೇನೆ, ನೀನೇ ಲೆಕ್ಕ ಹಾಕು ನನ್ನ ಪಾಡು.

ಇವರು ಕೆಲವು ಸಂಜೆ ಉಗುರಿನ ಸಂದಿಯಲ್ಲೆಲ್ಲ ಕಿತ್ತಳೆ ಬಣ್ಣ ಮೆತ್ತಿಕೊಂಡು ಬರುತ್ತಾರೆ. ಶಟರಿಗೆ ಬಣ್ಣ ಹೊಡೆದೆ ಎಂದರು ಒಂದು ದಿನ. ನಾನು ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಬೆರಳು ಒರೆಸಿಕೊಟ್ಟೆ. ನಮ್ಮ ಶಟರ್ ಹಸಿರು ಎಂಬುದು ನನಗೆ ಹೊಳೆದದ್ದು ಮಾರನೆಯ ದಿನ. ಗಂಡಸರಿಗೆ ಬಣ್ಣಗಳ ಗುರುತೇ ಇರುವುದಿಲ್ಲ.

ಮಾವನವರ ಕಥೆ ಬೇರೆ. ಅವರಿಗೆ ಅಂಗಡಿಯ ವ್ಯಾನ್ ಎಂದರೆ ಹಿರಿಮಗ. ಸಾಲು ಸಾಲು ಕಪಾಟಿನ ತುಂಬ ಫಿಲ್ಟರುಗಳಿದ್ದರೂ ಆ ವ್ಯಾನಿಗೆ ಮಾತ್ರ ತಮ್ಮ ಕುರ್ಚಿಯ ಹಿಂದಿನ ಬೀಗದ ಕಪಾಟಿನಿಂದ ತಾವೇ ತೆಗೆದುಕೊಡುತ್ತಾರೆ. ಹೋದ ವಾರ ಇವರು ವ್ಯಾನಿನ ಅಡಿ ಮಲಗಿದ್ದಾಗ ನಾನು ಪಕ್ಕದಲ್ಲಿ ಕೂತು ಆ ಫಿಲ್ಟರನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಎಂಥ ಭಾರ, ಹಾಲು ಕುಡಿದು ಮಲಗಿದ ಕೂಸಿನ ಹಾಗೆ. ಅಂಗಡಿಯಲ್ಲೇ ಇಷ್ಟೊಂದಿರುವಾಗ ಬೀಗ ಯಾಕೆ ಎಂದೆ. ಗಾಡಿಯ ಅಡಿಯಿಂದ ಕೈ ಹೊರಗೆ ಚಾಚಿ, ಪಾನಾ ಕೊಡು ಎಂದರು. ಕೇಳಿಸಿರಲಿಕ್ಕಿಲ್ಲ.

ಹಾಗೆ ನೋಡಿದರೆ ನಿನಗೆ ಫಿಲ್ಟರ್ ಕೊಡಿಸಿದವಳು ನಾನೇ. ಇದನ್ನು ನಿನಗೆ ಹೇಳಿರಲಿಲ್ಲ. ಮದುವೆಗೆ ಮುಂಚೆ ನಾನು ಅಂಗಡಿ ನೋಡಲು ಬಂದಿದ್ದಾಗ, ನಿಮ್ಮಣ್ಣನಿಗೆ ಏನು ಉಡುಗೊರೆ ಕೊಡಲಿ, ವಾಚೋ ಸೂಟೋ ಎಂದು ಇವರು ಕೇಳಿದರು. ವಾಚು ಕೊಟ್ಟರೆ ಗ್ರೀಸ್ ಹಚ್ಚಿಕೊಳ್ಳುತ್ತಾನೆ, ಸೂಟು ಕೊಟ್ಟರೆ ಇಂಜಿನ್ನಿಗೆ ಹೊದಿಸುತ್ತಾನೆ, ನಿಮ್ಮ ಅಂಗಡಿಯದೇ ಒಂದು ಡಬ್ಬ ಫಿಲ್ಟರ್ ಕೊಡಿ, ಜನ್ಮವಿಡೀ ನಿಮ್ಮ ಹೆಸರು ಹೇಳುತ್ತಾನೆ ಎಂದೆ. "ಫಿಲ್ಟರ್ ಬೇಡ. ಬೇರೆ ಏನಾದ್ರೂ ಹೇಳು" ಎಂದರು. ನನ್ನ ಹಟ ನಿನಗೆ ಗೊತ್ತಲ್ಲ, ಅದೇ ಬೇಕು ಎಂದೆ. ಪಕ್ಕದಲ್ಲೇ ಇದ್ದ ಮಾವನವರು ಮಗನ ಮುಖವನ್ನೇ ನೋಡುತ್ತಾ, "ಹುಡುಗಿ ಬಾಯಿಬಿಟ್ಟು ಕೇಳ್ತಿದಾಳೆ, ಕೊಡೋ" ಎಂದು ತಾವೇ ಎದ್ದು ಹೋಗಿ ಸಾಲಿನ ಕಪಾಟಿನಿಂದ ಡಬ್ಬ ತಂದು ಮೇಜಿನ ಮೇಲೆ ಇಟ್ಟರು. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದು ನಾನು.

ಸರಿ, ಮಾವನವರು ಊಟಕ್ಕೆ ಹತ್ತಿ ಬರುವ ಹೊತ್ತಾಯಿತು. ಇವರು ವ್ಯಾನಿನಲ್ಲಿ ಮಾಲು ಕೊಡಲು ಹೋಗಿದ್ದಾರೆ, ಮಾವ ಮಲಗಿ ಏಳುವ ತನಕ ಅಂಗಡಿ ನನ್ನದು. ಪರೀಕ್ಷೆ ಮುಗಿಸಿ ಬಂದು ಬರೆಯುತ್ತೇನೆ.

ಮಧ್ಯಾಹ್ನ. ಬಂದೆ ಅಣ್ಣಾ. ನಿನಗೆ ಕೊಟ್ಟದ್ದು ಯಾವ ಕಪಾಟಿನದೋ ಅದರಿಂದಲೇ ಒಂದನ್ನು ತೆಗೆದೆ. ಅದೇ ಕಿತ್ತಳೆ ಬಣ್ಣ, ಅದೇ ಹೊಸ ಪೆಟ್ಟಿಗೆ. ನೀನು ಹೇಳಿಕೊಟ್ಟ ಕ್ರಮದಲ್ಲೇ ನೋಡುತ್ತಾ ಹೋದೆ. "ಫಿಲ್ಟರ್ ಅಂದ್ರೆ ಇಂಜಿನ್ ಕಿಡ್ನಿ ಕಣೆ, ಪೆಟ್ಟಿಗೆ ನೋಡಿ ಯಾರಾದ್ರೂ ಕಿಡ್ನಿ ತಗೋತಾರಾ?" ಎನ್ನುತ್ತಿದ್ದೆಯಲ್ಲ, ಹಾಗೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ. ಮೊದಲು ಅಂಗೈಯಲ್ಲಿ ತೂಗಿದೆ. ಒಳ್ಳೆಯದಾದರೆ ಒಳಗೆ ಕಾಗದದ ಮಡಿಕೆ ಒತ್ತಾಗಿರುತ್ತದೆ, ತಗಡು ದಪ್ಪಗಿರುತ್ತದೆ, ಕೈ ಕೆಳಗೆ ಜಗ್ಗಬೇಕು. ಇದು ಜಗ್ಗಲಿಲ್ಲ. ವ್ಯಾನಿನ ಫಿಲ್ಟರ್ ಮಡಿಲಲ್ಲಿ ಕೂತ ಹಾಗೆ ಇದು ಕೂರಲಿಲ್ಲ. ಇಲ್ಲಿ ಉಂಡು ಉಂಡು ನಾನೇ ಭಾರವಾಗಿದ್ದೇನೆ, ಅದಕ್ಕೆ ಬೇರೆಲ್ಲ ಹಗುರ ಅನ್ನಿಸುತ್ತಿದೆ ಎಂದುಕೊಂಡೆ.

ಆಮೇಲೆ ಕಿರುಬೆರಳನ್ನು ನಡುವಿನ ತೂತಿನ ತಿರುಪು ಸುತ್ತುಗಳೊಳಗೆ ಇಳಿಸಿ ಆಡಿಸಿದೆ. ಆ ಸುತ್ತುಗಳ ಅಂಚು ಬ್ಲೇಡಿನಷ್ಟು ಚೊಕ್ಕಟ ಇರಬೇಕು ತಾನೇ? ಬೆರಳಿಗೆ ಕಿತ್ತಳೆ ಬಣ್ಣ ಹತ್ತಿತು. ಬೇಸಿಗೆಯ ಸೆಕೆಗೆ ಕರಗಿರಬೇಕು ಎಂದುಕೊಂಡೆ, ಆದರೆ ಈಗ ಬೇಸಿಗೆಯಲ್ಲ. ಸುತ್ತಲಿನ ಚಿಕ್ಕ ತೂತಿನೊಳಗೆ ಕಡ್ಡಿ ತೂರಿಸಿ ಒಳಗಿನ ರಬ್ಬರ್ ಪೊರೆಯನ್ನು ಒತ್ತಿದೆ. ಗಾಡಿ ನಿಲ್ಲಿಸಿದಾಗ ಆಯಿಲ್ ವಾಪಸು ಇಳಿದು ಹೋಗದಂತೆ ತಡೆಯುವ ಪೊರೆ ಅದು, ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಎಂದು ನನ್ನ ಕಿವಿ ಹಿಂಡಿ ತೋರಿಸಿದ್ದೆ ನೀನು, ನಾನು ಅತ್ತಿದ್ದೆ. ಇದು ಒಣಗಿದ ಸಿಪ್ಪೆಯ ಹಾಗೆ ಗಟ್ಟಿ. ಕಡ್ಡಿ ಮುರಿಯಿತು.

ನಂತರ ಬೆಳಕಿಗೆ ಹಿಡಿದು ಮೈಮೇಲೆ ಹೆಬ್ಬೆರಳು ಎಳೆದೆ. ಅಲ್ಲಿ ಬಣ್ಣದ ಕೆಳಗೆ ಏನೋ ಇತ್ತು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ, ಸಾಲಾಗಿ ಹಲ್ಲು ಕಚ್ಚಿದ ಹಾಗೆ. ಬಿಗಿದು ಕೂತ ಫಿಲ್ಟರನ್ನು ಬಿಚ್ಚುವಾಗ ನೀನು ಸುತ್ತುವ ಚೈನ್ ಪಾನಾ ಇದೆಯಲ್ಲ, ಅದು ಬಿಡುವ ಗುರುತು. ಇನ್ನೂ ಯಾವ ಗಾಡಿಗೂ ಹಾಕದ ಫಿಲ್ಟರನ್ನು ಯಾರು ಬಿಚ್ಚಿದರು? ಪೆಟ್ಟಿಗೆಗೆ ತುಂಬುವಾಗ ಎಲ್ಲೋ ತಾಗಿರಬೇಕು ಎಂದುಕೊಂಡೆ. ಕೊನೆಗೆ ಮೂಗಿಗೆ ಹಿಡಿದೆ. ಅಣ್ಣಾ, ನಿನ್ನ ಅಂಗಿಯ ವಾಸನೆ. ನಾನು ಇಷ್ಟು ದಿನ ಪ್ರೀತಿಸುತ್ತಿದ್ದ ಅದೇ ವಾಸನೆ. ಹೊಸ ಫಿಲ್ಟರಿಗೆ ಆ ವಾಸನೆ ಇರುವುದಿಲ್ಲ ಅಲ್ಲವೇ?

ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ, ಅಷ್ಟರಲ್ಲಿ ಕಾವಲುಗಾರ ರಸ್ತೆ ದಾಟಿ ಬಂದ. ಆ ಹೆಸರು ನಾನಿಟ್ಟದ್ದು. ಎದುರಿನ ಬೀಗದಂಗಡಿಯ ಮೆಟ್ಟಿಲ ಮೇಲೆ ದಿನಾ ಒಬ್ಬ ನಡುವಯಸ್ಸಿನವನು ಬಟ್ಟೆಚೀಲ ಹಿಡಿದು ಕೂತು ನಮ್ಮ ಅಂಗಡಿಯನ್ನೇ ನೋಡುತ್ತಿರುತ್ತಾನೆ. ಬಂದ ಹೊಸದರಲ್ಲಿ ನಾನು ಕಿಟಕಿಯಿಂದ ಕೈ ಬೀಸಿದ್ದೆ, ಅತ್ತೆ ಬಂದು ಪರದೆ ಎಳೆದರು. ಇವತ್ತು ಅವನು ಕೌಂಟರಿನ ಮೇಲೆ ಚೀಲ ಬಿಚ್ಚಿ ಒಂದು ಫಿಲ್ಟರ್ ಇಟ್ಟ. ಕಿತ್ತಳೆ ಬಣ್ಣ. ಬುಡದ ಜೋಡಣೆ ಬಾಯಿಬಿಟ್ಟುಕೊಂಡು, ರಬ್ಬರ್ ಉಂಗುರ ನಾಲಿಗೆಯ ಹಾಗೆ ಹೊರಗೆ ಜೋತುಬಿದ್ದಿತ್ತು. "ನನ್ನ ತಮ್ಮನ ಗಾಡೀದು" ಎಂದ. ನಾನು ಅಂಗಡಿಯವಳ ಗತ್ತಿನಲ್ಲಿ, ಬದಲಾಯಿಸಿ ಕೊಡಬೇಕಾ ಎಂದು ಕೇಳಿದೆ. "ಬೇಡಮ್ಮ. ಇಳಿಜಾರಲ್ಲಿ ಆಯಿಲ್ ಎಲ್ಲ ಚೆಲ್ಲಿ ಇಂಜಿನ್ ಕಚ್ಕೊಂಡು ನಿಂತೋಯ್ತು, ಬ್ರೇಕೂ ಹಿಡೀಲಿಲ್ಲ. ಈಗ ಗಾಡೀನೂ ಇಲ್ಲ, ಅವನೂ ಇಲ್ಲ. ನಿಮ್ಮ ಮಾವನವರಿಗೆ ತೋರಿಸಿ, ಸಾಕು." ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಸಮಯ ಕೇಳುವವನ ಹಾಗೆ ಹೇಳಿ, ಮತ್ತೆ ಹೋಗಿ ಅದೇ ಮೆಟ್ಟಿಲ ಮೇಲೆ ಕೂತ.

ಮಾವನವರು ಇಳಿದು ಬಂದು ಅದನ್ನು ನೋಡಿದರು. ಯಾರು ತಂದರು ಎಂದು ಕೇಳಲಿಲ್ಲ. ಹಳೆಯ ಕಾಗದದಲ್ಲಿ ಸುತ್ತಿ ಕಾಲ ಬಳಿಯ ಕಸದ ಡಬ್ಬಿಗೆ ಹಾಕಿ, ತಮ್ಮ ಮೆತ್ತನೆಯ ದನಿಯಲ್ಲಿ, "ಓಡಿಸೋಕೆ ಬರದೇ ಹೋದ್ರೆ ಎಲ್ಲಾನೂ ಫಿಲ್ಟರ್ ಮೇಲೆ ಹಾಕ್ತಾರಮ್ಮ. ನೀನು ಅವನ ಜೊತೆ ಮಾತಾಡ್ಬೇಡ" ಎಂದರು. ಅವರು ನನ್ನ ಮೇಲೆ ಯಾವತ್ತೂ ದನಿ ಏರಿಸಿದವರಲ್ಲ. ಆದರೂ ನಾನು ಎರಡೆರಡು ಮೆಟ್ಟಿಲು ದಾಟಿ ಮೇಲೆ ಬಂದುಬಿಟ್ಟೆ. ನಾನು ಪರೀಕ್ಷೆ ಮಾಡಿದ ಫಿಲ್ಟರ್ ಮಾತ್ರ ಕಪಾಟಿಗೆ ವಾಪಸು ಹೋಗಲಿಲ್ಲ, ನನ್ನ ಕೈಚೀಲದಲ್ಲೇ ಉಳಿದುಬಿಟ್ಟಿತು.

ಈಗ ಸಂಜೆ. ಅತ್ತೆ ಪಕ್ಕಕ್ಕೆ ಬಂದು ಕೂತಿದ್ದಾರೆ, ಕನ್ನಡಕವಿಲ್ಲದೆ ಅವರಿಗೆ ಅಕ್ಷರ ಕಾಣುವುದಿಲ್ಲ. ಏನು ಇಷ್ಟುದ್ದ ಬರೆಯುತ್ತೀಯ, ಓದು ಕೇಳೋಣ ಎಂದರು. ಕೆಂಪಿಯ ಕೆಮ್ಮಿನದು ಓದಿದೆ, ಅವರು ನಕ್ಕರು. ಆಮೇಲೆ ನನ್ನ ಕೂದಲು ಸವರಿ, "ತವರಿಗೆ ಸಂತೋಷದ ಸುದ್ದಿ ಮಾತ್ರ ಹೋಗ್ಬೇಕು ಮಗಳೇ. ಅಂಗಡಿ ಮಾತು ಅಂಗಡೀಲಿ" ಎಂದರು. ಅವರ ಕೈಗೂ ಸೀಮೆಎಣ್ಣೆಯ ವಾಸನೆ.

ನನಗೇ ಏನೋ ತಪ್ಪಾಗಿ ಕಂಡಿರಬಹುದು. ಒಂದು ಡಬ್ಬ ಕೆಟ್ಟರೆ ಎಲ್ಲವೂ ಕೆಟ್ಟಿರಬೇಕೆಂದಿಲ್ಲ. ಆದರೂ ನನ್ನ ಸಮಾಧಾನಕ್ಕೆ ನೀನು ಶನಿವಾರ ಹಾಕುವ ಮುಂಚೆ ಇದೇ ಪರೀಕ್ಷೆಗಳನ್ನು ಮಾಡಿಯೇ ಹಾಕು, ಮೈಮೇಲೆ ಹೆಬ್ಬೆರಳು ಎಳೆಯುವುದನ್ನು ಮರೆಯಬೇಡ. ಹಳೆಯ ಫಿಲ್ಟರನ್ನು ಗರಗಸದಲ್ಲಿ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಾಗಿಲ ಮುಂದೆ ಬಿಸಿಲಲ್ಲಿ ಹರಡಿ, "ಬಾರೇ, ಇವತ್ತಿನ ಪೇಪರ್ ಓದೋಣ" ಎಂದು ಕರೆಯುತ್ತಿದ್ದೆಯಲ್ಲ, ಇವತ್ತೆಲ್ಲ ಅದೇ ನೆನಪು. ಕರೀ ಮಡ್ಡಿ ಇದ್ದರೆ ಮಾಮೂಲಿ ಸುದ್ದಿ. ಹೊಳೆಯುವ ಚೂರು ಕಂಡರೆ ಇಂಜಿನ್ ಒಳಗೆ ಸವೆಯುತ್ತಿದೆ, ಸಾವಿನ ಸುದ್ದಿ ಎನ್ನುತ್ತಿದ್ದೆ.

ಅಮ್ಮನಿಗೆ ನನ್ನ ನಮಸ್ಕಾರ, ಹಿಂದಿನಿಂದ ಒಂದು ಅಪ್ಪುಗೆ. ಕ್ಯಾಂಪಿನ ಅಡುಗೆಯವರನ್ನೂ ನಿನ್ನ ಗೆಳೆಯರನ್ನೂ ಕೇಳಿದೆ ಎಂದು ಹೇಳು. ಅತ್ತೆ ಮಾವ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾರೆ. ಕೆಂಪಿಯ ಬಾನೆಟ್ ಮೇಲೆ ಒಂದು ಸಲ ಕೈಯಿಟ್ಟು ನನ್ನ ಹೆಸರು ಹೇಳು.

ಬಾಯಿಮುಚ್ಚದ ನಿನ್ನ ತಂಗಿ,
ಹಾರ್ನ್

ಮರೆತ ಮಾತು, ಗುರುವಾರ ಬೆಳಿಗ್ಗೆ, ಬಸ್ ನಿಲ್ದಾಣ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಅಣ್ಣಾ, ಹಾಕಬೇಡ. ಆ ಡಬ್ಬದ ಯಾವ ಫಿಲ್ಟರನ್ನೂ ಹಾಕಬೇಡ, ಗೆಳೆಯರಿಗೆ ಹಂಚಿದ್ದರೆ ಈಗಲೇ ಓಡಿ ಹೋಗಿ ವಾಪಸು ತೆಗೆದುಕೊ. ಯಾರಾದರೂ ಹಾಕಿದ್ದರೆ ಗಾಡಿ ಚಾಲೂ ಮಾಡದ ಹಾಗೆ ತಡೆ. ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು ಇವರ ಗರಗಸದಿಂದ ಆ ಫಿಲ್ಟರ್ ಕೊಯ್ದೆ. ಪೇಪರ್ ಓದಿದೆ. ಹೊಸ ಕಾಗದ ಹಳದಿ ಇರಬೇಕು, ಇದು ಕಪ್ಪು. ಮಡಿಕೆ ಬಿಡಿಸಿದರೆ ಸಂದಿಯಲ್ಲೆಲ್ಲ ಹೊಳೆಯುವ ಚೂರು, ಯಾರದೋ ಇಂಜಿನ್ನಿನದು. ಅತ್ತೆ ತಾರಸಿಯ ಮೇಲೆ ಒಣಗಿಸುವ ಫಿಲ್ಟರುಗಳು ಗುಜರಿಗೆ ಹೋಗುವುದಿಲ್ಲ. ಭಾನುವಾರ ಅಮ್ಮನನ್ನು ಕರೆದುಕೊಂಡು ಇಳಿಯಬೇಡ, ಅಮ್ಮನಿಗೆ ನಾನು ಊರಲ್ಲಿಲ್ಲ ಎಂದು ಹೇಳು. ಪತ್ರ ನಾನು ಹಾಕುತ್ತೇನೆ ಕೊಡು ಎಂದು ಇವರು ಕೈಚಾಚಿದರು, ನಾನೇ ಕೊಡುತ್ತೇನೆ ಎಂದೆ, ಜೊತೆಗೇ ಬಂದಿದ್ದಾರೆ. ಈಗ ಟೀ ತರಲು ಹೋಗಿದ್ದಾರೆ. ಡಬ್ಬ ಕಪಾಟಿನಿಂದ ಇಳಿಸಿದ್ದು ಮಾವ. ಬೇಡ ಎಂದವರು ಇವರು. ಆದರೆ ಯಾಕೆ ಬೇಡ ಎಂದು ಅವತ್ತಿನಿಂದ ಇವತ್ತಿನವರೆಗೂ ಹೇಳಿಲ್ಲ. ಟೀ ಕೊಟ್ಟು ಮತ್ತೆ ಕೇಳೇ ಕೇಳುತ್ತಾರೆ, ನಿಮ್ಮಣ್ಣ ಫಿಲ್ಟರ್ ಹಾಕಿದ್ರಂತಾ ಎಂದು. ಇಲ್ಲಿಯ ತನಕ ಇಲ್ಲ ಎಂದೆ. ಇವತ್ತು ಹೌದು ಎನ್ನುತ್ತೇನೆ. ಹಾಕಿಬಿಟ್ಟನಂತೆ, ಭಾನುವಾರದ ತನಕ ತಡೆಯಲಾರದೆ ಅಮ್ಮನನ್ನು ಕೂರಿಸಿಕೊಂಡು ಇವತ್ತೇ ಘಾಟಿ ಇಳಿಯುತ್ತಿದ್ದಾನಂತೆ, ನಿನ್ನೆ ಮೇಲಿನಿಂದ ಬಂದ ಡ್ರೈವರಣ್ಣ ಹೇಳಿದ ಎನ್ನುತ್ತೇನೆ. ಹೇಳಿ ಅವರ ಮುಖ ನೋಡುತ್ತೇನೆ. ಬಸ್ಸು ಚಾಲೂ ಆಯಿತು, ಡ್ರೈವರಣ್ಣ ಲಕೋಟೆಗೆ ಕಾಯುತ್ತಿದ್ದಾನೆ. ಅಗೋ, ಬರುತ್ತಿದ್ದಾರೆ, ಎರಡೂ ಕೈಯಲ್ಲಿ ಟೀ, ಮುಖದ ತುಂಬ ನಗು.